ಕೆಂಡದಡಿಗೆಯೂ ಅದರ ಹೊದಿಕೆಯೂ



ಈ ಸ್ಮರಣ ಸಂಚಿಕೆಗೆ ಗೃಹವಿಜ್ಞಾನದ ಪಾಠವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ವಿಷಯವನ್ನು ಆರಿಸುವದಕ್ಕೆ ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಾಕಂದರೆ ನಮ್ಮ ಮೇಲೆ ಒಂದು ಹಳೆಯ ಸಾಲವುಂಟು. ಕೆಲವು ವರುಷಗಳ ಹಿಂದೆ ಜನವರಿ ತಿಂಗಳಿನ ಒಂದು ಶನಿವಾರ ನಾವು ವಸತಿಗೃಹದ ಹುಡುಗಿಯರನ್ನು ಕರೆದುಕೊಂಡು ಕೃಷ್ಣಾ ನದಿಯ ದಡದ ಹೊಲವೊಂದಕ್ಕೆ ಸೀತನಿ ತಿನ್ನಲು ಹೋಗಿದ್ದೆವು. ಸೀತನಿಯಾದ ಮೇಲೆ ಅದೇ ಕೆಂಡದಲ್ಲಿ ಆಲೂಗಡ್ಡೆಗಳನ್ನು ಅಲ್ಯುಮಿನಿಯಮ್ ಫಾಯಿಲ್ ಎಂಬ ತೆಳು ತಗಡಿನ ಹಾಳೆಯಲ್ಲಿ ಸುತ್ತಿ ಬೇಯಿಸಿದೆವು. ಎಲ್ಲರೂ ಉಂಡು ತೃಪ್ತರಾದರು. ಆರು ಗಡ್ಡೆಗಳು ಉಳಿದವು. ಮರುದಿವಸ ಊರಿಗೆ ಹೊರಡಬೇಕಾಗಿದ್ದ ಬೀಳಗಿ ಕಡೆಯ ಹುಡುಗಿಯೊಬ್ಬಳು ಅವುಗಳನ್ನು ಸುತ್ತಿದ ಹಾಳೆಯ ಸಮೇತವಾಗಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಮನೆಯಲ್ಲಿದ್ದ ತಮ್ಮನಿಗೆ ಕೊಡಬೇಕೆಂಬುದು ಅವಳ ಆಸೆ.

ಮರುದಿನ ಮಧ್ಯಾಹ್ನ ಅವಳು ಬಸ್ಸಿಗೆ ಹೊರಡುವ ಮುಂಚೆ ಆ ಪೊಟ್ಟಣಗಳು ನಮ್ಮ ಕಣ್ಣಿಗೆ ಬಿದ್ದವು. ನಾವು ಅವುಗಳನ್ನು ಚೆಲ್ಲಿಸಿದೆವು. ಹುಡುಗಿಯ ಕಣ್ಣುಗಳಲ್ಲಿ ನೀರು ತುಂಬಿತು. "ಅಕ್ಕೋರ, ಉಳಿದದ್ದನ್ನ ಹಾಳು ಮಾಡಬಾರದು ಅಂತ ನೀವ ಹೇಳಿಕೊಟ್ಟೀರಲ್ರಿ? ಇವು ಹಳಸಿದ ವಾಸನೀನೂ ಬಂದಿಲ್ರಿ" ಎಂದು ಅವಳು ಕೇಳಿದಳು. ಬಸ್ಸಿನ ಹೊತ್ತಾಗಿತ್ತು. "ಬೇಡ ಅಂದರೆ ಬೇಡ" ಎಂದು ಹೇಳಿ ಕಳುಹಿಸಿದೆವು. ಅಪ್ಪಣೆಯನ್ನು ಮಾಡಿದೆವೇ ಹೊರತು ಕಾರಣವನ್ನು ತಿಳಿಸಲಿಲ್ಲ. ಅವಳ ಪ್ರಶ್ನೆಯು ನ್ಯಾಯವಾದದ್ದಾಗಿತ್ತು. ಐದು ಸಾವಿರ ಜನರು ಉಂಡ ಮೇಲೆ ಉಳಿದ ತುಂಡುಗಳನ್ನು ಸಹ ಕೂಡಿಸಬೇಕೆಂದು ಕರ್ತನು ಶಿಷ್ಯರಿಗೆ ಹೇಳಿದ ಸಂಗತಿಯನ್ನು ನಾವೇ ಅವಳಿಗೆ ಕಲಿಸಿದ್ದೆವು. ಆ ಪ್ರಶ್ನೆಗೆ ತಡವಾಗಿಯಾದರೂ ಸರಿಯಾದ ಉತ್ತರವನ್ನು ಕೊಡುವದೇ ಈ ಪಾಠದ ಉದ್ದೇಶವಾಗಿದೆ. ಉತ್ತರವು ತಿಳಿಯಬೇಕಾದರೆ ಕೆಂಡದ ಅಡಿಗೆಯಲ್ಲಿ ಹೊದಿಕೆಯು ಮಾಡುವ ಕೆಲಸವನ್ನು ಮೊದಲಿನಿಂದ ನೋಡಬೇಕಾಗುವದು.

೧. ನಮ್ಮ ಸೀಮೆಯ ಕೆಂಡದಡಿಗೆ

ಬಯಲಿನಲ್ಲಿ ಕೆಂಡ ಮಾಡಿ ಬೇಯಿಸಿ ತಿನ್ನುವದು ಪಟ್ಟಣದವರು ಈಚೆಗೆ ಕಲಿತ ವಿನೋದವೆಂದು ಕೆಲವರು ತಿಳಿಯುತ್ತಾರೆ. ನಮ್ಮ ಕಡೆಯಲ್ಲಿ ಹಾಗಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ತಾಲೂಕುಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಕಾಳು ಹಾಲು ತುಂಬಿ, ಇನ್ನೂ ಗಟ್ಟಿಯಾಗದೆ ಹಿಟ್ಟಿನ ಮುದ್ದೆಯಂತೆ ಮೆತ್ತಗಿರುವಾಗ ಸೀತನಿಯ ಕಾಲವು ಬರುವದು. ನೆಲದಲ್ಲಿ ಒಂದು ಚಿಕ್ಕ ಕುಣಿಯನ್ನು ತೋಡಿ, ಕುಳ್ಳುಗಳನ್ನು ಸುಟ್ಟು ಕೆಂಡ ಮಾಡಿ, ದಂಟಿನ ತುಂಡಿನ ಸಹಿತವಾಗಿ ಕೊಯ್ದ ತೆನೆಗಳನ್ನು ಆ ಬಿಸಿಬೂದಿಯಲ್ಲಿ ಹುಗಿದು ತಿರುವುತ್ತಾರೆ. ಬೆಂದ ತೆನೆಯನ್ನು ತಿಕ್ಕಿ, ಮೊರದಲ್ಲಿ ಕೇರಿ, ಹಸಿರು ಕಾಳನ್ನು ಶೇಂಗಾ ಚಟ್ನಿ, ಬೆಲ್ಲ, ಮೊಸರುಗಳ ಸಂಗಡ ತಿನ್ನುತ್ತಾರೆ. ಇದಕ್ಕೆಂದೇ ಸಿಹಿಗಾಳಿನ ಜೋಳವನ್ನು ಹೊಲದ ಬದುವಿನಲ್ಲಿ ನಾಲ್ಕು ಸಾಲು ಬಿತ್ತಿಕೊಳ್ಳುವ ಒಕ್ಕಲಿಗರು ಉಂಟು.

ಬದನೆಕಾಯಿಯನ್ನು ಒಲೆಯ ಕೆಂಡದಲ್ಲಿ ಸುಟ್ಟು ಬಜ್ಜಿ ಮಾಡುವದು, ಗೆಣಸನ್ನು ಬಿಸಿಬೂದಿಯಲ್ಲಿ ಹುಗಿಯುವದು, ಹಸಿ ಶೇಂಗಾ ಕಾಯಿಗಳನ್ನೂ ಗೋವಿನಜೋಳದ ತೆನೆಗಳನ್ನೂ ಸುಡುವದು ಇವೆಲ್ಲವನ್ನು ಇಲ್ಲಿಯ ಪ್ರತಿಯೊಬ್ಬ ಹೆಣ್ಣುಮಗಳು ಬಾಲ್ಯದಿಂದಲೇ ಬಲ್ಲಳು. ಈಗ ಇವುಗಳಲ್ಲಿ ಸಾಮಾನ್ಯವಾಗಿರುವ ಒಂದು ಸಂಗತಿಯನ್ನು ಲಕ್ಷ್ಯಗೊಟ್ಟು ನೋಡಿರಿ. ಜೋಳದ ಕಾಳಿಗೆ ಹೊಟ್ಟಿನ ಚಿಪ್ಪು, ಬದನೆಕಾಯಿಗೆ ಸಿಪ್ಪೆ, ಗೋವಿನಜೋಳಕ್ಕೆ ಪದರು ಪದರಾದ ಗರಿ, ಶೇಂಗಾಕ್ಕೆ ಬುರುಡೆ ಹೀಗೆ ಕೆಂಡಕ್ಕೆ ಹೋಗುವ ಪ್ರತಿಯೊಂದು ಪದಾರ್ಥಕ್ಕೂ ಸೃಷ್ಟಿಕರ್ತನು ಕೊಟ್ಟ ಒಂದು ಹೊದಿಕೆಯುಂಟು. ಸುಡುವದು ಹೊದಿಕೆ, ಬೇಯುವದು ಒಳಗಿನ ತಿರುಳು. ಹೊದಿಕೆಯಿಲ್ಲದ ಪದಾರ್ಥಗಳಿಗೆ ಮನುಷ್ಯರು ಹೊದಿಕೆಯನ್ನು ಹುಡುಕಿಕೊಂಡರು. ಕರಾವಳಿಯವರು ಮೀನಿಗೆ ಬಾಳೆಯ ಎಲೆಯನ್ನು ಸುತ್ತಿದರು; ಅರಿಶಿನದ ಎಲೆಯಲ್ಲಿ ಕಡುಬನ್ನು ಮಡಿಚಿ ಹಬೆಯಲ್ಲಿ ಬೇಯಿಸಿದರು. ನಮ್ಮ ತೋಟಗಳಲ್ಲಿ ಅರಿಶಿನವು ಬೆಳೆಯುತ್ತಿದ್ದರೂ ಗಡ್ಡೆಯನ್ನು ಮನೆಗೆ ತಂದು ಎಲೆಯನ್ನು ಹೊಲದಲ್ಲಿಯೇ ಬಿಡುವದು ಹೆಚ್ಚು.

ಸತ್ಯವೇದದಲ್ಲಿಯೂ ಕೆಂಡದಡಿಗೆಯ ಪ್ರಸ್ತಾಪವುಂಟು. ಅಡವಿಯಲ್ಲಿ ಬಳಲಿ ಮಲಗಿದ್ದ ಎಲೀಯನು ಎಚ್ಚತ್ತು ನೋಡಿದಾಗ ಅವನ ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯಿತ್ತು. ಪುನರುತ್ಥಾನವಾದ ಕರ್ತನು ತಿಬೇರಿಯ ಸಮುದ್ರದ ದಡದಲ್ಲಿ ದಣಿದ ಶಿಷ್ಯರಿಗೋಸ್ಕರ ಮೀನನ್ನೂ ರೊಟ್ಟಿಯನ್ನೂ ಸಿದ್ಧಮಾಡಿದ್ದು ಕೆಂಡದ ಬೆಂಕಿಯ ಮೇಲೆಯೇ. ಆದುದರಿಂದ ಈ ಅಡಿಗೆಯನ್ನು ಹಳ್ಳಿಗರ ಅಡಿಗೆಯೆಂದು ಯಾರೂ ಹಗುರಾಗಿ ಎಣಿಸಬಾರದು.

೨. ಹೊದಿಕೆಯ ಒಳಗೆ ನಡೆಯುವದೇನು?

ಕೆಂಡದ ಕಾವು ಪದಾರ್ಥವನ್ನು ಮೂರು ದಾರಿಗಳಿಂದ ಸೇರುವದು. ಕೆಂಪು ಕೆಂಡದಿಂದ ಕಿರಣದ ರೂಪವಾಗಿ ಬರುವದು ಒಂದು. ಕಾದ ಗಾಳಿಯು ಮೇಲೇರಿ ತರುವದು ಇನ್ನೊಂದು. ಕಾದ ಬೂದಿಗಾಗಲಿ ಕಬ್ಬಿಣದ ಜಾಳಿಗೆಗಾಗಲಿ ತಗಲಿ ಒಳಗೆ ಹರಿಯುವದು ಮೂರನೆಯದು. ಹೊದಿಕೆಯಿಲ್ಲದ ಪದಾರ್ಥದಲ್ಲಿ ಮೇಲ್ಮೈಯ ನೀರು ಬೇಗನೆ ಆರಿಹೋಗಿ, ಅಲ್ಲಿಯ ಕಾವು ಏರುತ್ತ ಹೋಗುವದು. ಸುಮಾರು ೧೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆ ಅದು ಬೇಗ ಬೇಗನೆ ಕಂದುಬಣ್ಣಕ್ಕೆ ತಿರುಗಿ ಸುಟ್ಟ ಪರಿಮಳವು ಹುಟ್ಟುವದು; ಇನ್ನೂ ಏರಿದರೆ ಕರಿಯಾಗುವದು. ಒಳಗಿನ ಭಾಗವು ಮಾತ್ರ ಹಸಿಯಾಗಿಯೇ ಉಳಿದಿರಬಹುದು.

ಹೊದಿಕೆಯಿದ್ದರೆ ಹೀಗಾಗದು. ಪದಾರ್ಥದಿಂದ ಎದ್ದ ಹಬೆಯು ಹೊರಗೆ ಹೋಗದೆ ಅದರ ಸುತ್ತಲೂ ನಿಲ್ಲುವದು. ನೀರು ಇರುವ ತನಕ ಪೊಟ್ಟಣದ ಒಳಗಿನ ಕಾವು ೧೦೦ ಡಿಗ್ರಿಯ ಆಸುಪಾಸಿನಲ್ಲಿಯೇ ಇರುವದು. ಅಂದರೆ ಹೊರಗೆ ಕೆಂಡವಿದ್ದರೂ ಒಳಗೆ ನಡೆಯುವದು ಹಬೆಯ ಅಡಿಗೆಯೇ. ಆದಕಾರಣವೇ ಫಾಯಿಲಿನಲ್ಲಿ ಬೆಂದ ಗಡ್ಡೆಯು ಮೆತ್ತಗಾಗಿ, ಬಿಳಿಚಿಕೊಂಡು, ಸುಟ್ಟ ಪರಿಮಳವಿಲ್ಲದೆ ಇರುವದು. ಎಲೆಯೂ ಜೋಳದ ಹೊಟ್ಟೂ ಹಬೆಯನ್ನು ಅರ್ಧ ಹಿಡಿದು ಅರ್ಧ ಬಿಡುತ್ತವೆ. ಹೊಗೆಯ ವಾಸನೆಯನ್ನೂ ಸ್ವಲ್ಪ ಒಳಗೆ ಬಿಡುತ್ತವೆ. ಸೀತನಿಗೆ ಇರುವ ರುಚಿಯು ಇದರಿಂದಲೇ ಬಂದದ್ದು. ಈ ಭೇದವನ್ನು ಜ್ಞಾಪಕದಲ್ಲಿಟ್ಟುಕೊಳ್ಳಿರಿ: ಎಲೆಯು ಉಸಿರಾಡುವ ಹೊದಿಕೆ, ತಗಡು ಉಸಿರಾಡದ ಹೊದಿಕೆ. ಪಾಠದ ಮುಂದಿನ ಭಾಗವೆಲ್ಲ ಇದರ ಮೇಲೆ ನಿಂತಿದೆ.

ಗೆಣಸಿನ ವಿಷಯದಲ್ಲಿ ಇನ್ನೊಂದು ಸೋಜಿಗವುಂಟು. ಗೆಣಸಿನಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ಒಂದು ಜೀವದ್ರವ್ಯವು ಅದರೊಳಗೆಯೇ ಇರುವದು. ಗಡ್ಡೆಯ ಕಾವು ಸುಮಾರು ೬೦ರಿಂದ ೭೫ ಡಿಗ್ರಿಯವರೆಗೆ ಇರುವಾಗ ಅದು ಚುರುಕಾಗಿ ಕೆಲಸ ಮಾಡುವದು. ಕಾವು ಅದಕ್ಕಿಂತ ಹೆಚ್ಚಾದರೆ ನಾಶವಾಗುವದು. ಗೆಣಸನ್ನು ತುಂಡು ಮಾಡಿ ಕುದಿಯುವ ನೀರಿಗೆ ಹಾಕಿದರೆ ಈ ಹಂತವು ಬೇಗನೆ ದಾಟಿಹೋಗುವದು. ಇಡೀ ಗಡ್ಡೆಯನ್ನು ಬಿಸಿಬೂದಿಯಲ್ಲಿ ಹುಗಿದರೆ ಕಾವು ನಿಧಾನವಾಗಿ ಏರುವದರಿಂದ ಸಕ್ಕರೆಯು ಹೆಚ್ಚಾಗಿ ಹುಟ್ಟುವದು. "ಬೂದಿಯಲ್ಲಿ ಸುಟ್ಟ ಗೆಣಸು ಹೆಚ್ಚು ಸಿಹಿ" ಎಂದು ಅಜ್ಜಿಯರು ಹೇಳುತ್ತಿದ್ದದ್ದು ಬರಿಯ ಬಾಯಿಮಾತಲ್ಲ.

೩. ತಗಡಿನ ಹಾಳೆಯ ಸಂಕ್ಷಿಪ್ತ ಚರಿತ್ರೆ

ಅಲ್ಯುಮಿನಿಯಮ್ ಲೋಹವು ಮಣ್ಣಿನಲ್ಲಿ ಹೇರಳವಾಗಿದ್ದರೂ ಅದನ್ನು ಬೇರ್ಪಡಿಸುವದು ಬಹು ಕಷ್ಟವಾಗಿತ್ತು. ೧೮೮೪ರಲ್ಲಿ ಅಮೇರಿಕೆಯ ರಾಜಧಾನಿಯಲ್ಲಿಯ ವಾಷಿಂಗ್ಟನ್ ಸ್ಮಾರಕದ ತುದಿಗೆ ಈ ಲೋಹದ ಚಿಕ್ಕ ಶಿಖರವನ್ನು ಇಟ್ಟರು. ಆಗ ಅದು ಬೆಲೆಯುಳ್ಳ ಲೋಹಗಳ ಸಾಲಿನಲ್ಲಿತ್ತು. ೧೮೮೬ರ ಫೆಬ್ರವರಿ ತಿಂಗಳಲ್ಲಿ ಅದೇ ದೇಶದ ಓಬರ್ಲಿನ್ ಎಂಬ ಊರಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ೨೨ ವರುಷದ ತರುಣನು ವಿದ್ಯುತ್ಪ್ರವಾಹದಿಂದ ಅದನ್ನು ಸುಲಭವಾಗಿ ಬೇರ್ಪಡಿಸುವ ಉಪಾಯವನ್ನು ಕಂಡುಹಿಡಿದನು. ಅದೇ ವರುಷ ಫ್ರಾನ್ಸ್ ದೇಶದಲ್ಲಿ ಪೋಲ್ ಎರೂ ಎಂಬವನು ತಾನಾಗಿಯೇ ಅದೇ ಉಪಾಯವನ್ನು ಕಂಡನು.

ನಮ್ಮ ಶಾಲೆಯ ಹುಡುಗಿಯರು ಅರಿಯತಕ್ಕ ಮಾತೇನೆಂದರೆ, ಹಾಲನ ತಾಯಿತಂದೆಗಳು ಜಮೈಕಾ ದ್ವೀಪದಲ್ಲಿ ಮಿಶನರಿಗಳಾಗಿ ಸೇವೆಮಾಡಿ ಬಂದವರು. ಅವನ ಪ್ರಯೋಗಗಳು ನಡೆದದ್ದು ಮನೆಯ ಹಿಂದಿನ ಕಟ್ಟಿಗೆಯ ಕೊಟ್ಟಿಗೆಯಲ್ಲಿ. ಅವನ ಅಕ್ಕ ಜೂಲಿಯಾ ಹಾಲ್ ಓಬರ್ಲಿನ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿದವಳಾಗಿದ್ದು, ಆ ಕೆಲಸದಲ್ಲಿ ತಮ್ಮನಿಗೆ ನೆರವಾದಳು. ಹೆಣ್ಣುಮಕ್ಕಳನ್ನು ಆ ಕಾಲೇಜು ೧೮೩೭ರಿಂದಲೇ ಸೇರಿಸಿಕೊಳ್ಳುತ್ತಿತ್ತು. ಹಾಲನು ೧೯೧೪ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯ ದೊಡ್ಡ ಪಾಲನ್ನು ವಿದ್ಯಾದಾನಕ್ಕೆ ಬಿಟ್ಟನು. ಅದರಲ್ಲಿ ಏಷ್ಯಾ ಖಂಡದ ವಿದ್ಯಾಕಾರ್ಯಕ್ಕೂ ಒಂದು ಭಾಗವಿತ್ತು.

ಲೋಹವು ಅಗ್ಗವಾದ ಮೇಲೆ ಅದನ್ನು ಉರುಳೆಗಳ ನಡುವೆ ಒತ್ತಿ ಹಾಳೆ ಮಾಡುವದು ಸಾಧ್ಯವಾಯಿತು. ಈ ಉದ್ಯಮವು ೧೯೧೦ರಲ್ಲಿ ಸ್ವಿಟ್ಸರ್ಲೆಂಡ್ ದೇಶದಲ್ಲಿ ಆರಂಭವಾಯಿತು. ಮೊದಲು ಚಾಕಲೇಟು ಮುಂತಾದವುಗಳನ್ನು ಸುತ್ತುವದಕ್ಕೆ ಉಪಯೋಗವಾದ ಹಾಳೆಯು ಎರಡನೆಯ ಮಹಾಯುದ್ಧದ ತರುವಾಯ ಅಡಿಗೆಮನೆಯ ಸುರುಳಿಯಾಯಿತು. ನಮ್ಮ ನೆರೆಯ ಬೆಳಗಾವಿಯಲ್ಲಿಯೂ ಬಾಕ್ಸೈಟ್ ಎಂಬ ಅದುರಿನಿಂದ ಅಲ್ಯುಮಿನಾ ತೆಗೆಯುವ ಕಾರ್ಖಾನೆಯಿದೆ. ಅಲ್ಯುಮಿನಿಯಮ್ ತಯಾರಿಕೆಗೆ ಅದೇ ಮೂಲದ್ರವ್ಯ.

ಮನೆಯಲ್ಲಿ ಬಳಸುವ ಫಾಯಿಲಿನ ದಪ್ಪವು ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ. ಅದರ ಒಂದು ಬದಿಯು ಹೊಳೆಯುವದು, ಇನ್ನೊಂದು ಬದಿಯು ಮಂಕಾಗಿರುವದು. ಯಾವ ಬದಿಯನ್ನು ಹೊರಗೆ ಮಾಡಬೇಕೆಂದು ಹುಡುಗಿಯರು ಪ್ರತಿವರ್ಷ ಕೇಳುತ್ತಾರೆ. ಕೊನೆಯ ಸಾರಿ ಎರಡು ಹಾಳೆಗಳನ್ನು ಜೊತೆಯಾಗಿ ಒತ್ತುವದರಿಂದ, ಉರುಳೆಗೆ ತಗಲಿದ ಬದಿಯು ಹೊಳೆಯುವದು, ಒಂದಕ್ಕೊಂದು ತಗಲಿದ ಬದಿಯು ಮಂಕಾಗುವದು, ಅಷ್ಟೇ. ಅಡಿಗೆಗೆ ಎರಡೂ ಒಂದೇ.

೪. ಮಾಡುವ ಕ್ರಮ

ಬೆಂಕಿ. ಜಾಲಿಯ ಕಟ್ಟಿಗೆಯಾಗಲಿ ಇದ್ದಿಲಾಗಲಿ ಉರಿದು, ಜ್ವಾಲೆಯಡಗಿ, ಮೇಲೆ ಬಿಳಿಯ ಬೂದಿಯು ಕವಿಯುವವರೆಗೆ ಕಾಯಬೇಕು. ಉರಿಯಲ್ಲಿ ಅಡಿಗೆಯಿಲ್ಲ, ಕೆಂಡದಲ್ಲಿ ಉಂಟು. ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈಯನ್ನು ಹಿಡಿದು ನಿಧಾನವಾಗಿ ಎಣಿಸಿರಿ. ನಾಲ್ಕೈದು ಎಣಿಸುವಷ್ಟರಲ್ಲಿ ಕೈಯನ್ನು ಹಿಂದಕ್ಕೆ ತೆಗೆಯಬೇಕಾದರೆ ಕಾವು ಹದವಾಗಿದೆಯೆಂದು ತಿಳಿಯಬೇಕು. ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಹಲಗೆ, ಹಳೆಯ ಟಾಯರು ಇವುಗಳಿಂದ ಬೆಂಕಿ ಹೊತ್ತಿಸಕೂಡದು. ಅವುಗಳ ಹೊಗೆಯು ವಿಷವುಳ್ಳದ್ದು.

ಗೆಣಸು. ಮುಷ್ಟಿಗಾತ್ರದ ಗಡ್ಡೆಗಳನ್ನು ತಿಕ್ಕಿ ತೊಳೆದು ಒರಸಿ, ನಾಲ್ಕು ಕಡೆ ಸೂಜಿಯಿಂದ ಚುಚ್ಚಬೇಕು. ಮೂರು ಗಡ್ಡೆಗಳಲ್ಲಿ ಒಂದನ್ನು ಬರಿದಾಗಿಯೇ ಬಿಸಿಬೂದಿಯಲ್ಲಿ ಹುಗಿಯಿರಿ. ಒಂದನ್ನು ಬಾಳೆಯೆಲೆಯ ಎರಡು ಪದರಿನಲ್ಲಿ ಸುತ್ತಿ ನಾರಿನಿಂದ ಕಟ್ಟಿ ಹುಗಿಯಿರಿ. ಒಂದನ್ನು ಫಾಯಿಲಿನಲ್ಲಿ ಸುತ್ತಿ ಹುಗಿಯಿರಿ. ಹತ್ತು ನಿಮಿಷಕ್ಕೊಮ್ಮೆ ಚಿಮಟಿಗೆಯಿಂದ ತಿರುವುತ್ತ, ಮುಕ್ಕಾಲು ಗಂಟೆಯ ಮೇಲೆ ಕಡ್ಡಿಯನ್ನು ಚುಚ್ಚಿ ನೋಡಿರಿ. ಮೂರನ್ನೂ ತಿಂದು ನೋಡಿ, ರುಚಿ, ಬಣ್ಣ, ತೇವ ಈ ಮೂರು ಅಂಕಣಗಳಲ್ಲಿ ಬರೆದಿಡಿರಿ. ಎರಡನೆಯ ಭಾಗದಲ್ಲಿ ನಾವು ಹೇಳಿದ್ದು ನಿಮ್ಮ ನಾಲಿಗೆಗೇ ತಿಳಿಯುವದು.

ಗೋವಿನಜೋಳ. ಇದಕ್ಕೆ ತಗಡು ಬೇಡ. ಒಳಗಿನ ಕೂದಲನ್ನು ತೆಗೆದು ಗರಿಗಳನ್ನು ಮತ್ತೆ ಮುಚ್ಚಿ, ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟು, ಜಾಳಿಗೆಯ ಮೇಲೆ ಹದಿನೈದಿಪ್ಪತ್ತು ನಿಮಿಷ ತಿರುವುತ್ತ ಸುಡಬೇಕು.

ಬದನೆಕಾಯಿ. ಇದಕ್ಕೂ ತಗಡು ಬೇಡ. ಸಿಪ್ಪೆಯು ಕರಿಯಾಗಿ ಒಡೆದಾಗಲೇ ಬಜ್ಜಿಗೆ ಸುಟ್ಟ ಪರಿಮಳವು ಬರುವದು. ಫಾಯಿಲಿನಲ್ಲಿ ಸುತ್ತಿದ ಬದನೆಕಾಯಿಯು ಕುದಿಸಿದ ಬದನೆಕಾಯಿಯಂತೆ ಆಗುವದು.

ಮೀನು. ತಗಡಿನಿಂದ ನಿಜವಾದ ಪ್ರಯೋಜನವು ಇಲ್ಲಿ ಕಾಣುವದು. ಜಾಳಿಗೆಗೆ ಅಂಟಿ ಮುರಿಯುವ ಮೆದು ಮೀನು ಪೊಟ್ಟಣದಲ್ಲಿ ಇಡಿಯಾಗಿ ಉಳಿಯುವದು. ಇದಲ್ಲದೆ ಎಣ್ಣೆಯೂ ಕೊಬ್ಬೂ ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೋಪೈರೀನ್ ಮುಂತಾದ, ಅರ್ಬುದರೋಗವನ್ನುಂಟುಮಾಡುವ ದ್ರವ್ಯಗಳಿರುವವು; ಹೊದಿಕೆಯು ತೊಟ್ಟಿಕ್ಕುವದನ್ನು ತಡೆಯುವದು. ಮೀನಿಗೆ ಅರಿಶಿನ, ಬೆಳ್ಳುಳ್ಳಿ, ಮೆಣಸಿನಪುಡಿಗಳನ್ನು ಹಚ್ಚಿ, ಮೊದಲು ಬಾಳೆಯೆಲೆಯಲ್ಲಿ ಮಡಿಚಿ, ಅದರ ಮೇಲೆ ಫಾಯಿಲನ್ನು ಸುತ್ತಿ, ಅಂಚುಗಳನ್ನು ಎರಡು ಸಲ ಮಡಿಸಿರಿ. ಹಬೆಗೆ ಸ್ವಲ್ಪ ಸ್ಥಳವನ್ನು ಬಿಟ್ಟು ಮಡಿಸಬೇಕು. ಪಾವು ಸೇರಿನಷ್ಟು ತೂಕದ ಮೀನು ಜಾಳಿಗೆಯ ಮೇಲೆ ಹದಿನೈದಿಪ್ಪತ್ತು ನಿಮಿಷಗಳಲ್ಲಿ ಬೇಯುವದು. ಮೀನಿನ ನಡುವಿನ ಕಾವು ೬೩ ಡಿಗ್ರಿಯನ್ನು, ಕೋಳಿಯ ಮಾಂಸವಾದರೆ ೭೪ ಡಿಗ್ರಿಯನ್ನು ಮುಟ್ಟಬೇಕು. ಉಷ್ಣಮಾಪಕವಿಲ್ಲದವರು ಮುಳ್ಳಿನ ಬಳಿಯ ಮಾಂಸವು ಬಿಳಿಯಾಗಿ ಸುಲಭವಾಗಿ ಬಿಡಿಸಿಬರುವದೋ ಎಂದು ನೋಡತಕ್ಕದ್ದು.

ಪೊಟ್ಟಣವನ್ನು ತಿರುವುವದನ್ನು ಮರೆಯಬೇಡಿರಿ. ಪ್ರವಾದಿಯಾದ ಹೋಶೇಯನು ಎಫ್ರಾಯೀಮನ್ನು ಮಗುಚಿ ಹಾಕದ ರೊಟ್ಟಿಗೆ ಹೋಲಿಸಿದ್ದಾನೆ. ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿರುವ ರೊಟ್ಟಿಯನ್ನು ಕಂಡ ಹೆಣ್ಣುಮಕ್ಕಳಿಗೆ ಆ ಹೋಲಿಕೆಯನ್ನು ವಿವರಿಸುವ ಅಗತ್ಯವಿಲ್ಲ. ಪೊಟ್ಟಣವನ್ನು ಬಿಚ್ಚುವಾಗ ಮುಖವನ್ನು ದೂರವಿಟ್ಟುಕೊಂಡು, ನಿಮ್ಮಿಂದ ಆಚೆಯಿರುವ ಅಂಚನ್ನು ಮೊದಲು ಬಿಡಿಸಬೇಕು. ಒಳಗಿನ ಹಬೆಯು ಕೈಯನ್ನು ಸುಡುವದು.

೫. ಎಚ್ಚರಿಕೆಗಳು

ಮೊದಲನೆಯದು, ಹುಳಿ ಮತ್ತು ಉಪ್ಪು. ಹುಣಿಸೆಹಣ್ಣು, ನಿಂಬೆರಸ, ಟೊಮೆಟೊ, ಉಪ್ಪಿನಕಾಯಿ ಇವು ಅಲ್ಯುಮಿನಿಯಮನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತವೆ. ಕಾವು ಹೆಚ್ಚಿದಷ್ಟೂ, ಹೊತ್ತು ಕಳೆದಷ್ಟೂ ಹೆಚ್ಚು ಕರಗುವದು. ಜಾಗತಿಕ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ಜಂಟಿ ತಜ್ಞಸಮಿತಿಯು ೨೦೧೧ರಲ್ಲಿ ಹಾಕಿದ ಮಿತಿಯ ಪ್ರಕಾರ, ದೇಹದ ತೂಕದ ಕಿಲೋ ಒಂದಕ್ಕೆ ವಾರಕ್ಕೆ ೨ ಮಿಲಿಗ್ರಾಮಿಗಿಂತ ಹೆಚ್ಚು ಅಲ್ಯುಮಿನಿಯಮ್ ಎಲ್ಲ ಆಹಾರಗಳಿಂದ ಕೂಡಿ ಒಳಗೆ ಹೋಗಬಾರದು. ೩೦ ಕಿಲೋ ತೂಕದ ಹುಡುಗಿಗೆ ಇದು ವಾರಕ್ಕೆ ೬೦ ಮಿಲಿಗ್ರಾಮ್. ವರುಷಕ್ಕೆ ನಾಲ್ಕು ಸಲ ಬಯಲೂಟ ಮಾಡುವವರು ಹೆದರಬೇಕಾದದ್ದಿಲ್ಲ. ಆದರೆ ದಿನಾಲು ಹುಳಿಯ ಪದಾರ್ಥವನ್ನು ಫಾಯಿಲಿನಲ್ಲಿ ಬೇಯಿಸುವದು ಒಳ್ಳೆಯ ರೂಢಿಯಲ್ಲ. ಮೂತ್ರಪಿಂಡದ ರೋಗವುಳ್ಳವರು ವಿಶೇಷ ಜಾಗರೂಕತೆಯಿಂದ ಇರಬೇಕು. ಯಾಕಂದರೆ ಈ ಲೋಹವನ್ನು ದೇಹದಿಂದ ಹೊರಹಾಕುವ ಅಂಗವು ಅದೇ. ಉಪಾಯವು ಸುಲಭವಾಗಿದೆ: ಒಳಗೆ ಎಲೆ, ಹೊರಗೆ ತಗಡು, ಹುಳಿಯನ್ನು ಪೊಟ್ಟಣ ಬಿಚ್ಚಿದ ಮೇಲೆ ಹಿಂಡಿಕೊಳ್ಳುವದು.

ಎರಡನೆಯದು, ಅರಿಯದ ಎಲೆ. ಬೇಲಿಯಲ್ಲಿ ಬೆಳೆಯುವ ಕಣಗಿಲೆ, ಎಕ್ಕೆ ಇವು ವಿಷದ ಗಿಡಗಳು. ಅವುಗಳ ಎಲೆಯಲ್ಲಿ ಸುತ್ತುವದಾಗಲಿ, ಅವುಗಳ ಕಡ್ಡಿಗೆ ಚುಚ್ಚಿ ಸುಡುವದಾಗಲಿ ಕೂಡದು.

ಮೂರನೆಯದು, ಮುಚ್ಚಿದ ಕೋಣೆ. ಚಳಿಗಾಲದ ರಾತ್ರಿಯಲ್ಲಿ ಉಳಿದ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿಟ್ಟು ಮಲಗುವ ಕೋಣೆಗೆ ತರುವ ಮನೆಗಳುಂಟು. ಇದ್ದಿಲಿನ ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗುವರು. ಕೆಂಡವು ಬಯಲಿನಲ್ಲಿಯೇ ಇರಲಿ. ಹೊರಡುವಾಗ ನೀರು ಹಾಕಿ ನಂದಿಸಿರಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಅದೇ ಆ ಹುಡುಗಿಗೆ ನಾವು ಕೊಡಬೇಕಾದ ಉತ್ತರವು.

೬. ಸುತ್ತಿದ್ದನ್ನು ಬಿಚ್ಚಬೇಕು

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಸೂಕ್ಷ್ಮಜೀವಿಯುಂಟು. ಮಣ್ಣಿನೊಳಗೆ ಬೆಳೆಯುವ ಗಡ್ಡೆಗಳಿಗೆ ಅದರ ಬೀಜಕಗಳು ಅಂಟಿಕೊಂಡಿರಬಹುದು. ತೊಳೆದರೂ ಎಲ್ಲವೂ ಹೋಗಲಾರವು. ಈ ಬೀಜಕಗಳು ೧೦೦ ಡಿಗ್ರಿಯ ಹಬೆಯಲ್ಲಿಯೂ ಸಾಯುವದಿಲ್ಲ. ಅವುಗಳನ್ನು ಕೊಲ್ಲುವದಕ್ಕೆ ಒತ್ತಡದಲ್ಲಿಯ ೧೨೧ ಡಿಗ್ರಿಯ ಹಬೆ ಬೇಕು. ಫಾಯಿಲಿನ ಪೊಟ್ಟಣದ ಒಳಗಿನ ಕಾವು ೧೦೦ರ ಆಸುಪಾಸಿನಲ್ಲಿ ನಿಲ್ಲುವದೆಂದು ಮೇಲೆ ಕಲಿತಿರಷ್ಟೆ. ಅಂದರೆ ಗಡ್ಡೆಯು ಬೆಂದಿತು; ಬೀಜಕವು ಉಳಿಯಿತು.

ಬೀಜಕವು ಉಳಿದ ಮಾತ್ರಕ್ಕೆ ಕೇಡಿಲ್ಲ. ಗಾಳಿಯಿರುವಲ್ಲಿ ಅದು ಮೊಳೆಯದು. ಆದರೆ ಗಾಳಿಯಿಲ್ಲದ, ತೇವವುಳ್ಳ, ಹುಳಿಯಿಲ್ಲದ, ಉಗುರುಬೆಚ್ಚಗಿನ ಸ್ಥಳವು ಸಿಕ್ಕರೆ ಅದು ಮೊಳೆತು ಬೆಳೆದು, ಲೋಕದ ಅತಿ ಘೋರವಾದ ವಿಷಗಳಲ್ಲ��ಂದನ್ನು ಹುಟ್ಟಿಸುವದು. ಬೆಂದ ಆಲೂಗಡ್ಡೆಯನ್ನು ಬಿಗಿಯಾಗಿ ಸುತ್ತಿದ ತಗಡಿನೊಳಗೆ ಹಾಗೆಯೇ ಬಿಟ್ಟಾಗ ಈ ನಾಲ್ಕೂ ಒದಗಿಬರುವವು. ಎಲೆಯ ಹೊದಿಕೆಯು ಆರುತ್ತ ಬಿರಿದು ಗಾಳಿಯನ್ನು ಒಳಗೆ ಬಿಡುವದು, ತಗಡು ಬಿಡದು. ಅಡಿಗೆಯ ವೇಳೆಯಲ್ಲಿ ಅದರ ಗುಣವಾಗಿದ್ದ ಬಿಗಿತವು ಅಡಿಗೆಯಾದ ಮೇಲೆ ಅದರ ದೋಷವಾಗುವದು.

ಇದು ಬರಿಯ ಊಹೆಯಲ್ಲ. ೧೯೯೪ನೆಯ ಇಸವಿಯ ಎಪ್ರಿಲ್ ತಿಂಗಳಲ್ಲಿ ಅಮೇರಿಕೆಯ ಟೆಕ್ಸಸ್ ಸಂಸ್ಥಾನದ ಎಲ್ ಪಾಸೊ ನಗರದಲ್ಲಿ, ಒಂದು ಉಪಾಹಾರಗೃಹದಲ್ಲಿ ಉಂಡ ೩೦ ಜನರು ಈ ವಿಷದಿಂದ ರೋಗಿಗಳಾದರು. ಫಾಯಿಲಿನಲ್ಲಿ ಸುತ್ತಿ ಬೇಯಿಸಿದ ಆಲೂಗಡ್ಡೆಗಳನ್ನು ಬಿಚ್ಚದೆ ಕೆಲವು ದಿವಸ ಹೊರಗೆಯೇ ಇಟ್ಟು, ಆಮೇಲೆ ಅವುಗಳಿಂದ ಚಟ್ನಿಯಂಥ ಪದಾರ್ಥವನ್ನು ಮಾಡಿದ್ದೇ ಕಾರಣವೆಂದು ಪರೀಕ್ಷೆಯಿಂದ ತಿಳಿದುಬಂತು. ಈ ವಿಷವು ತಗಲಿದವರಿಗೆ ಕಣ್ಣಿಗೆ ಒಂದು ಎರಡಾಗಿ ಕಾಣುವದು; ರೆಪ್ಪೆಗಳು ಜೋತುಬೀಳುವವು; ಮಾತು ತೊದಲುವದು; ನುಂಗುವದು ಕಷ್ಟವಾಗುವದು; ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುವವು. ಇಂಥ ಲಕ್ಷಣಗಳನ್ನು ಕಂಡ ಕೂಡಲೆ, ಮನೆಮದ್ದಿನಲ್ಲಿ ಹೊತ್ತುಗಳೆಯದೆ, ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಮತ್ತು ತಿಂದದ್ದೇನೆಂಬುದನ್ನು ವೈದ್ಯರಿಗೆ ಹೇಳಬೇಕು.

ಅಲ್ಲಿ ಕೆಲವು ದಿವಸ, ನಮ್ಮ ಹುಡುಗಿಯ ಪೆಟ್ಟಿಗೆಯಲ್ಲಿ ಒಂದೇ ರಾತ್ರಿಯಲ್ಲವೇ ಎಂದು ಕೇಳುವವರುಂಟು. ಒಂದು ರಾತ್ರಿಯ ಅಪಾಯವು ಚಿಕ್ಕದೇ ಸರಿ. ಆದರೆ ಈ ವಿಷದಿಂದ ಕೆಟ್ಟ ಆಹಾರವು ನೋಡುವದಕ್ಕೂ ಮೂಸುವದಕ್ಕೂ ಚೆನ್ನಾಗಿಯೇ ಇರಬಹುದು. "ವಾಸನೆ ಬಂದಿಲ್ಲ" ಎಂಬ ಅವಳ ಮಾತು ನಿಜವಾಗಿತ್ತು. ಅದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ಅಲ್ಲದೆ ಆ ಪೊಟ್ಟಣವು ಬೀಳಗಿಯ ಮನೆಯನ್ನು ಮುಟ್ಟಿದ ಮೇಲೆ ಅದೇ ದಿನ ಬಿಚ್ಚುವರೋ, ಮತ್ತೊಂದು ದಿನಕ್ಕೆ ಇಡುವರೋ ನಮಗೇನು ಗೊತ್ತು? ತಿನ್ನುವವನು ಚಿಕ್ಕ ಹುಡುಗನು.

ಹಾಗಾದರೆ ಉಳಿದದ್ದನ್ನು ಚೆಲ್ಲಲೇಬೇಕೋ? ಬೇಡ. ತಪ್ಪು ಮರುದಿನ ಚೆಲ್ಲಿಸಿದ್ದರಲ್ಲಿರಲಿಲ್ಲ. ಹಿಂದಿನ ಸಂಜೆ ಬಿಚ್ಚಿಸದೆ ಇದ್ದದ್ದರಲ್ಲಿತ್ತು. ಆ ತಪ್ಪು ಹುಡುಗಿಯದಲ್ಲ, ಹಿರಿಯರಾದ ನಮ್ಮದು. ಊಟವು ಮುಗಿದೊಡನೆ ಎಲ್ಲ ಪೊಟ್ಟಣಗಳನ್ನು ಬಿಚ್ಚಿಸಿ, ಗಡ್ಡೆಗಳನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ತಾಸಿನೊಳಗೆ ತಂಪುಪೆಟ್ಟಿಗೆಯಲ್ಲಿ ಇಡಿಸಿದ್ದರೆ ಅವಳು ಮರುದಿನ ಪಲ್ಯವನ್ನು ಮಾಡಿ ತಿನ್ನಬಹುದಾಗಿತ್ತು. ಜಾಗತಿಕ ಆರೋಗ್ಯ ಸಂಸ್ಥೆಯವರು ಹೇಳುವ ನಿಯಮವು ಚಿಕ್ಕದು: ಬೆಂದ ಆಹಾರವನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು, ಇಟ್ಟರೆ ೫ ಡಿಗ್ರಿಯ ಕೆಳಗೆ ತಂಪಾಗಿ, ಇಲ್ಲವೆ ೬೦ ಡಿಗ್ರಿಯ ಮೇಲೆ ಬಿಸಿಯಾಗಿ ಇಡಬೇಕು. ತಂಪುಪೆಟ್ಟಿಗೆಯಿಲ್ಲದ ಮನೆಯವರು ಅಳೆದು ಬೇಯಿಸಿ, ಉಳಿದದ್ದನ್ನು ಬಿಸಿಯಿರುವಾಗಲೇ ನೆರೆಯವರಿಗೆ ಹಂಚುವದು ಉತ್ತಮ.

ಆ ದಿವಸ ಗಲಿಲಾಯದಲ್ಲಿ ಕೂಡಿಸಿದ ತುಂಡುಗಳು ಹನ್ನೆರಡು ಪುಟ್ಟಿಗಳಲ್ಲಿ ತುಂಬಿದವೆಂದು ಬರೆದಿದೆ. ಪುಟ್ಟಿಯೆಂದರೆ ಗಾಳಿಯಾಡುವ ಪಾತ್ರೆ. ನಮ್ಮ ಮನೆಗಳಲ್ಲಿ ರೊಟ್ಟಿಗಳನ್ನು ಇಡುವದೂ ಅಂಥದರಲ್ಲಿಯೇ. ಬೀಳಗಿಯ ಆ ಹುಡುಗಿಯು ಈಗ ಗೃಹಿಣಿಯಾಗಿರಬೇಕು. ಈ ಸಂಚಿಕೆಯು ಅವಳ ಕೈಸೇರಿದರೆ ಅವಳು ಇದನ್ನೋದಿ ನಮ್ಮನ್ನು ಕ್ಷಮಿಸಲಿ, ಮತ್ತು ತನ್ನ ಮಕ್ಕಳಿಗೆ ನಮಗಿಂತ ಮುಂಚಿತವಾಗಿ ಕಾರಣವನ್ನು ಹೇಳಿಕೊಡಲಿ ಎಂದು ಕೋರುತ್ತೇವೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

೧. ಸೀತನಿ, ಬದನೆಕಾಯಿ, ಗೋವಿನಜೋಳ ಇವುಗಳ ಸ್ವಂತ ಹೊದಿಕೆಗಳು ಯಾವವು? ಅವು ಮಾಡುವ ಕೆಲಸವೇನು?
೨. ಫಾಯಿಲಿನಲ್ಲಿ ಬೆಂದ ಗಡ್ಡೆಗೆ ಸುಟ್ಟ ಪರಿಮಳವಿರುವದಿಲ್ಲ. ಕಾರಣವನ್ನು ವಿವರಿಸಿರಿ.
೩. ಬೂದಿಯಲ್ಲಿ ಬೆಂದ ಗೆಣಸು ನೀರಿನಲ್ಲಿ ಕುದಿಸಿದ್ದಕ್ಕಿಂತ ಸಿಹಿಯಾಗಿರುವದೇಕೆ?
೪. ಮೀನಿಗೆ ಒಳಗೆ ಎಲೆಯನ್ನೂ ಹೊರಗೆ ತಗಡನ್ನೂ ಸುತ್ತುವದರಿಂದ ಆಗುವ ಎರಡು ಪ್ರಯೋಜನಗಳನ್ನು ಹೇಳಿರಿ.
೫. ನಿಮ್ಮ ಮನೆಯಲ್ಲಿ ಬೆಂದ ಆಹಾರವನ್ನು ಯಾವ ಯಾವದರಲ್ಲಿ ಮುಚ್ಚಿಡುತ್ತಾರೆಂಬುದನ್ನು ಒಂದು ವಾರ ನೋಡಿ ಬರೆಯಿರಿ. ಅವುಗಳಲ್ಲಿ ಉಸಿರಾಡುವ ಹೊದಿಕೆಗಳೆಷ್ಟು, ಉಸಿರಾಡದವುಗಳೆಷ್ಟು? ಬದಲಿಸಬೇಕಾದದ್ದು ಯಾವದು?